ಯಾನಮ್ಮ ಬರೆಯದೆ ಬಿಟ್ಟದ್ದು

ಮಿಸೆಸ್ ಯಾನ್ ಅವರ ಟೀ ಮೇಜಿನ ಮೇಲೆ ಗೇಣುದ್ದದ ಮನುಷ್ಯರು ಓಡಾಡುತ್ತಿದ್ದರು. ತಲೆಗೆ ಹಸಿರು ಟೋಪಿ, ಕಾಲಿಗೆ ಬೂಟು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಂದು, ಕೆಟಲನ್ನು ಬಳಸಿಕೊಂಡು ಹೋಗಿ, ಮೇಜಿನ ಅಂಚು ಸಿಕ್ಕಿದ ಕೂಡಲೇ ಇಲ್ಲವಾಗುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಯಾರೂ ಇವರತ್ತ ತಿರುಗಿ ನೋಡುತ್ತಿರಲಿಲ್ಲ. ಕೆಲವು ಬೆಳಗು ಮನುಷ್ಯರ ಬದಲು ಎದುರಿನ ಬಿಳಿ ಗೋಡೆಯ ತುಂಬ ಹೂಬಳ್ಳಿ ಹಬ್ಬಿರುತ್ತಿತ್ತು.

ಇದನ್ನು ಅವರು ನನಗೆ ಹೇಳಿದ್ದು ಕಣ್ಣಿನ ಕ್ಲಿನಿಕ್ಕಿನ ಪರೀಕ್ಷಾ ಕೋಣೆಯಲ್ಲಿ, ಬಾಗಿಲು ಹಾಕಿದೆಯೇ ಎಂದು ಎರಡು ಸಲ ಕೇಳಿಕೊಂಡ ಮೇಲೆ.

"ನನಗೆ ಹುಚ್ಚು ಹಿಡೀತಿದೆಯಾ ಗೀತಾ? ನಿಜ ಹೇಳಿ."

"ಇಲ್ಲ. ನಿಮ್ಮ ಕಣ್ಣಿನ ನಡುಭಾಗ ಮೆದುಳಿಗೆ ಚಿತ್ರ ಕಳಿಸೋದನ್ನ ನಿಲ್ಲಿಸಿದೆ. ಖಾಲಿ ಜಾಗ ಸಹಿಸೋಕಾಗದೆ ಮೆದುಳು ತಾನೇ ಏನೇನೋ ಬರೆದು ತುಂಬಿಸ್ತಿದೆ. ಈ ಕಾಯಿಲೆ ಇರೋ ತುಂಬ ಜನಕ್ಕೆ ಹೀಗಾಗುತ್ತೆ. ಯಾರೂ ಬಾಯಿಬಿಟ್ಟು ಹೇಳಲ್ಲ, ಅಷ್ಟೆ."

"ಹಾಗಾದರೆ ದೇವರುಗಳಲ್ಲ?"

"ಅಲ್ಲ."

"ಸದ್ಯ. ದೇವರಾಗಿದ್ದರೆ ಇಷ್ಟು ದಿನ ಟೀ ಕೊಡದೆ ಕಳಿಸಿದ ಪಾಪ ಬರುತ್ತಿತ್ತು" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ, "ಮೆದುಳು ಕೆಟ್ಟ ಲೇಖಕಿ. ಖಾಲಿ ಜಾಗ ಕಂಡರೆ ಸಾಕು, ತುಂಬಿಸಿಬಿಡುತ್ತೆ" ಎಂದರು.

ಅವರು ಬರೆಯುವವರು ಎಂದು ನನಗೆ ಗೊತ್ತಾದದ್ದು ಆ ಮಾತಿನಿಂದ.

ಅಮೆರಿಕದ ಸ್ಯಾನ್ ಹೊಸೆಯ ಆ ಕ್ಲಿನಿಕ್ಕಿನಲ್ಲಿ ನಾನು ಹನ್ನೊಂದು ವರ್ಷ ಟೆಕ್ನಿಷಿಯನ್ ಆಗಿದ್ದೆ. ಡಾಕ್ಟರು ನೋಡುವ ಮೊದಲು ರೋಗಿಯನ್ನು ಕೂರಿಸಿ, ಅಕ್ಷರ ಓದಿಸಿ, ಕಣ್ಣಿಗೆ ಹನಿ ಹಾಕುವ ಕೆಲಸ. ಮಿಸೆಸ್ ಯಾನ್ ತಿಂಗಳಿಗೊಮ್ಮೆ ಬಲಗಣ್ಣಿಗೆ ಇಂಜೆಕ್ಷನ್ ತೆಗೆದುಕೊಳ್ಳಲು ಬರುತ್ತಿದ್ದರು. ಎಡಗಣ್ಣಿನ ಆಸೆಯನ್ನು ಆಗಲೇ ಬಿಟ್ಟಾಗಿತ್ತು. ನಮ್ಮಲ್ಲಿ ಒಂದು ಚೌಕುಳಿ ಹಾಳೆ ಇರುತ್ತದೆ, ನಡುವೆ ಒಂದು ಚುಕ್ಕೆ. ಚುಕ್ಕೆ ನೋಡುತ್ತ ಸುತ್ತಲ ಗೆರೆಗಳು ನೆಟ್ಟಗಿವೆಯೋ ಡೊಂಕಾಗಿವೆಯೋ ಹೇಳಬೇಕು. ಮೊದಲ ದಿನ ಅವರು ಅದನ್ನು ತುಂಬ ಹೊತ್ತು ನೋಡಿ, "ಮಧ್ಯದಲ್ಲಿ ಒಂದು ಕೊಳ ಇದೆ. ಗೆರೆಗಳೆಲ್ಲ ನೀರು ಕುಡಿಯೋಕೆ ಬಗ್ಗಿವೆ" ಎಂದಿದ್ದರು. ನಾನು ಕಂಪ್ಯೂಟರಿನಲ್ಲಿ ಟೈಪು ಮಾಡಿದೆ. ಏನು ಬರೆದಿರಿ ಎಂದು ಕೇಳಿದರು. ನಡುಭಾಗದ ಗೆರೆಗಳು ಸೊಟ್ಟಗಿವೆ ಅಂತ ಬರೆದೆ ಎಂದೆ.

"ಅದೂ ಸರಿಯೇ. ಆದರೆ ನಿಮ್ಮ ವಾಕ್ಯದಲ್ಲಿ ನೀರಿಲ್ಲ."

ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಕಾಲವಿರಲಿಲ್ಲ. ನಿನ್ನೆಯೂ ಹೋಗುತ್ತೇನೆ, ನಾಳೆಯೂ ಹೋಗುತ್ತೇನೆ. ಎಪ್ಪತ್ತು ವರ್ಷದ ಹಿಂದೆ ಸತ್ತ ಅಜ್ಜಿ ಈಗಲೂ ಮಾರುಕಟ್ಟೆಯಲ್ಲಿ ಕೂತು ಮೀನು ಮಾರುತ್ತಾಳೆ. ಅವರ ಮಾತು ಕೇಳುತ್ತಿದ್ದರೆ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ನಡೆಯುತ್ತಿರುವಂತೆ ಅನಿಸುತ್ತಿತ್ತು. ಕನ್ನಡದಲ್ಲಿ ಬರೆಯುವಾಗ ನಾನು ಕಾಲಗಳನ್ನು ಸರಿಪಡಿಸಿದ್ದೇನೆ. ಸರಿಪಡಿಸಿದ್ದರಿಂದ ಏನೋ ಕಳೆದುಹೋಗಿದೆ ಎಂಬುದೂ ಗೊತ್ತಿದೆ. ಕ್ಲಿನಿಕ್ಕಿನ ವಿಷಯ ಹೊರಗೆ ಹೇಳಬಾರದೆಂಬ ನಿಯಮವಿದೆಯಲ್ಲ, ಅದಕ್ಕೆ ಒಮ್ಮೆ ಅವರನ್ನೇ ಕೇಳಿದ್ದೆ. "ಬರೆಯಿರಿ. ಕಣ್ಣಿನ ಬಗ್ಗೆ ಬರೆಯಬಹುದು. ವಯಸ್ಸು ಮಾತ್ರ ಬೇಡ" ಎಂದಿದ್ದರು.

ಅವರು ಎಷ್ಟು ದೊಡ್ಡ ಲೇಖಕಿ ಎಂಬ ಅಂದಾಜು ನನಗಿರಲಿಲ್ಲ. ಒಂದು ಬೆಳಗ್ಗೆ ಅವರ ಕೈಹಿಡಿದು ವೇಟಿಂಗ್ ರೂಮಿಗೆ ಕರೆತಂದಾಗ ಮೂಲೆಯಲ್ಲಿದ್ದ ಚೀನೀ ಮುದುಕರೊಬ್ಬರು ಥಟ್ಟನೆ ಎದ್ದು ನಿಂತರು. ನಮ್ಮೆದುರು ಬಂದು, ಸೊಂಟ ಬಗ್ಗಿಸಿ, ಚೀನೀ ಭಾಷೆಯಲ್ಲಿ ಏನೋ ಹೇಳತೊಡಗಿದರು. ಹೇಳುತ್ತ ಹೇಳುತ್ತ ಅತ್ತರು. ಮಿಸೆಸ್ ಯಾನ್ ಆ ಮುದುಕರ ಮುಖವಿದ್ದ ಕಡೆ ನೋಡಲಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದರು. ನಡುಭಾಗ ಹೋದವರಿಗೆ ಅಂಚಿನಿಂದ ಮಾತ್ರ ಕಾಣುತ್ತದೆ.

"ಏನಂದ್ರು?" ಎಂದು ಆಮೇಲೆ ಕೇಳಿದೆ.

"ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನನ್ನ ಒಂದು ಪ್ರಬಂಧವನ್ನು ದಿನಾ ಓದಿ ಹೇಳುತ್ತಿದ್ದರಂತೆ. ಪೊರಕೆಯ ಬಗ್ಗೆ ಬರೆದದ್ದು."

"ಪೊರಕೆಯ ಬಗ್ಗೆಯಾ?"

"ಪೊರಕೆಯ ಬಗ್ಗೆಯೇ. ಸಾವಿನ ಬಗ್ಗೆ ಅಂತ ಓದುವವರು ಅಂದುಕೊಳ್ಳುತ್ತಾರೆ. ನಾನು ಬೇಡ ಅನ್ನಲ್ಲ."

ಸುಮಾರು ನಲವತ್ತು ವರ್ಷ ಅವರು ಚೀನೀ ಪತ್ರಿಕೆಗಳ ವಾರದ ಪುರವಣಿಗೆ ಬರೆದಿದ್ದರು. ಒಂದೊಂದು ಪ್ರಬಂಧವೂ ಅಂಗೈಯಗಲ. ಆದರೆ ಹೊಟ್ಟೆಪಾಡಿನ ಕೆಲಸ ಬೇರೆ. ಸ್ಯಾನ್ ಹೊಸೆಯ ಈ ಕಣಿವೆಯಲ್ಲಿ ಇನ್ನೂ ಕೈಯಿಂದ ಸರ್ಕ್ಯೂಟ್ ಬೋರ್ಡು ಜೋಡಿಸುತ್ತಿದ್ದ ಕಾಲದಲ್ಲಿ, ಒಂದು ಕಾರ್ಖಾನೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಬೆಸುಗೆ ಹಾಕುತ್ತಿದ್ದರು. ದಿನಕ್ಕೆ ಎಂಟು ಗಂಟೆ, ಇಪ್ಪತ್ತಾರು ವರ್ಷ.

ನಮ್ಮ ಸ್ನೇಹ ಬೆಳೆದದ್ದು ಕಾರಿನಲ್ಲಿ. ಇಂಜೆಕ್ಷನ್ ಆದ ದಿನ ಅವರು ಲೈಟ್ ರೈಲಿನಲ್ಲಿ ಒಬ್ಬರೇ ಹೋಗಬೇಕಾಗಿತ್ತು. ನನ್ನ ಮನೆಯೂ ಆ ದಾರಿಯಲ್ಲೇ ಇದ್ದುದರಿಂದ ಶಿಫ್ಟು ಮುಗಿಸಿ ಅವರನ್ನು ಬಿಡತೊಡಗಿದೆ. ಆಮೇಲೆ ಅವರ ಅಪಾರ್ಟ್‌ಮೆಂಟಿಗೆ ಹೋಗುವ ಮೊದಲು ನಮ್ಮ ಮನೆಯಲ್ಲೊಂದು ಗಂಟೆ ಕೂರುವುದು ರೂಢಿಯಾಯಿತು. ಅದಕ್ಕೆ ಕಾರಣ ನನ್ನ ಅತ್ತೆ. ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿದ್ದ ಅವರಿಗೆ ಈ ಊರಿನಲ್ಲಿ ಹಗಲು ಕಳೆಯುವುದೇ ಕಷ್ಟವಾಗಿತ್ತು. ಯಾನ್ ಎಂಬ ಹೆಸರು ಮೊದಲ ದಿನವೇ ಅವರ ಬಾಯಲ್ಲಿ ಯಾನಮ್ಮ ಆಯಿತು. ಕ್ರಮೇಣ ನನ್ನ ಬಾಯಲ್ಲೂ.

"ಬಾರವ್ವ ಯಾನಮ್ಮ, ಕಾಫಿ ಕುಡೀತೀಯಾ? ಕುಂತ್ಕೊ, ಕುಂತ್ಕೊ. ಅಯ್ಯೋ, ಎಂಗ್ ಸೊರಗಿದ್ದೀಯೇ ತಾಯಿ!"

ಅತ್ತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಯಾನಮ್ಮ ಚೀನೀ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಅನುವಾದ ಬೇಕಾಗಿರಲಿಲ್ಲ. ಒಂದು ದಿನ ಅತ್ತೆ ಹಿತ್ತಲಿನ ಬಳ್ಳಿಯಿಂದ ಕಿತ್ತ ಹೀರೇಕಾಯಿಯನ್ನು ಅವರ ಕೈಗಿಟ್ಟರು. ಯಾನಮ್ಮ ಅದರ ಏಣುಗಳ ಮೇಲೆ ಬೆರಳಾಡಿಸಿ, ಮೂಗಿಗೆ ಹಿಡಿದು, ತಮ್ಮ ಭಾಷೆಯ ಹೆಸರನ್ನು ಜೋರಾಗಿ ಹೇಳಿ ನಕ್ಕರು. ತೈವಾನಿನ ತೆಂಕಣ ತುದಿಯ ಮೀನುಗಾರರ ಊರಿನವರು ಅವರು, ಅಲ್ಲೂ ಈ ಬಳ್ಳಿ ಇತ್ತಂತೆ. ಅತ್ತೆ ಕಾಯನ್ನು ಹುಳಿಗೆ ಹಾಕಿ, ಸಿಪ್ಪೆಯಲ್ಲಿ ಎಳ್ಳು ಹಾಕಿ ಚಟ್ನಿ ರುಬ್ಬಿದರು. ಸಿಪ್ಪೆ ತಿನ್ನುವುದನ್ನು ಯಾನಮ್ಮ ಎಲ್ಲೂ ಕಂಡಿರಲಿಲ್ಲ. ಎರಡು ಸಲ ಹಾಕಿಸಿಕೊಂಡರು.

ಮೂರು ವಾರದ ನಂತರ ಅದು ಪತ್ರಿಕೆಯಲ್ಲಿ ಬಂತು. ಅವರು ಅಕ್ಷರ ದೊಡ್ಡದು ಮಾಡುವ ಯಂತ್ರದ ಕೆಳಗೆ ಹಾಳೆಯನ್ನಿಟ್ಟು, ಒಂದೊಂದೇ ಅಕ್ಷರ ಸರಿಸಿ, ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಮೊದಲು ಸಿಪ್ಪೆ ಹೆರೆಯುವ ಶಬ್ದ. ಆಮೇಲೆ ಎಳ್ಳು ಸಿಡಿಯುವ ವಾಸನೆ. ಇಬ್ಬರು ಮುದುಕಿಯರು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕೂತಿದ್ದಾರೆ. ಬಟ್ಟಲು ಖಾಲಿಯಾಗಿತ್ತು. ಅಲ್ಲಿಗೆ ಮುಗಿಯಿತು.

"ಅಷ್ಟೇನಾ?" ಎಂದೆ.

"ಇನ್ನೊಂದು ಸಾಲು ಇತ್ತು. ತುಂಬ ಚೆನ್ನಾಗಿತ್ತು. ಅದಕ್ಕೇ ತೆಗೆದೆ."

ಅದು ಅವರ ಪದ್ಧತಿ. ಬರೆದು ಒಂದು ದಿನ ಬಿಟ್ಟು, ತಮಗೆ ಯಾವ ವಾಕ್ಯದ ಬಗ್ಗೆ ಹೆಮ್ಮೆಯಾಗುತ್ತದೋ ಅದನ್ನು ಹುಡುಕಿ ಹೊಡೆದುಹಾಕುವುದು. ಇದನ್ನು ಎಲ್ಲಿ ಕಲಿತಿರಿ ಎಂದರೆ ಕಾರ್ಖಾನೆಯಲ್ಲಿ ಎನ್ನುತ್ತಿದ್ದರು. "ಬೆಸುಗೆ ಕಡಿಮೆಯಾದರೆ ಮತ್ತೆ ಹಾಕಬಹುದು. ಒಂದು ತೊಟ್ಟು ಹೆಚ್ಚಾಯಿತು ಅಂದರೆ ಪಕ್ಕದ ತಂತಿಗೆ ಅಂಟಿಕೊಂಡು ಬೋರ್ಡೇ ಸುಡುತ್ತೆ. ಓದುಗರು ಧ್ಯಾನ ಅಂತಾರೆ, ಶೂನ್ಯ ಅಂತಾರೆ. ನಮ್ಮ ಸೂಪರ್‌ವೈಸರ್ ಕಲಿಸಿದ್ದು ಅಂತ ಹೇಳಿದರೆ ನಂಬಲ್ಲ."

ಆದರೆ ಧ್ಯಾನವೂ ಸುಳ್ಳಾಗಿರಲಿಲ್ಲ. ಅವರ ಅಜ್ಜಿ ಮೀನು ಕುಯ್ಯುವಾಗ ಒಂದೊಂದು ಮೀನಿಗೂ ಒಮ್ಮೆ ಬುದ್ಧನ ನಾಮ ಹೇಳುತ್ತಿದ್ದಳಂತೆ. ಕೊಲ್ಲುವ ಕೈ, ಜಪಿಸುವ ಬಾಯಿ ಎಂದು ಊರವರು ಆಡಿಕೊಂಡರೆ, "ನಾಮ ನನಗಲ್ಲ, ಮೀನಿಗೆ" ಎನ್ನುತ್ತಿದ್ದಳಂತೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಯಾನಮ್ಮ ಭಾನುವಾರಗಳಂದು ಒಂದು ಕ್ರೈಸ್ತ ಪಂಗಡದವರ ಸಭೆಗೆ ಹೋಗುತ್ತಿದ್ದರು. ಅಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಒಂದು ಗಂಟೆ ಎಲ್ಲರೂ ಸುಮ್ಮನೆ ಕೂರುತ್ತಾರೆ. "ಇಂಗ್ಲಿಷ್ ಬಾರದವಳಿಗೆ ಹೇಳಿ ಮಾಡಿಸಿದ ಚರ್ಚು" ಎಂದು ನಗುತ್ತಿದ್ದರು. ಮುಂದೆ ಸಾಂತಾ ಕ್ರೂಜ್ ಬೆಟ್ಟದ ದಾರಿಯಲ್ಲಿ, ಒಂದು ಮಾಮೂಲಿ ಮನೆಯನ್ನೇ ಗುಡಿ ಮಾಡಿಕೊಂಡಿದ್ದ ಬೌದ್ಧ ಸನ್ಯಾಸಿನಿಯ ಬಳಿ ಮೂರು ವರ್ಷ ಹೋದರು. ಆಕೆ ಸೂತ್ರ ಹೇಳಿಕೊಡಲಿಲ್ಲ, ಕೂರುವುದನ್ನೂ ಹೇಳಿಕೊಡಲಿಲ್ಲ. ಕೈಗೆ ಪೊರಕೆ ಕೊಟ್ಟರು. ರೆಡ್‌ವುಡ್ ಮರದ ಸೂಜಿಯೆಲೆಗಳನ್ನು ಗುಡಿಸಿದಷ್ಟೂ ಉದುರುತ್ತಿದ್ದವು. ಮುಗಿಯುವುದೇ ಇಲ್ಲವಲ್ಲ ಎಂದು ಒಂದು ದಿನ ಕೇಳಿದ್ದಕ್ಕೆ ಸನ್ಯಾಸಿನಿ, "ಮುಗಿಸು ಅಂತ ಯಾರು ಹೇಳಿದರು? ಗುಡಿಸು ಅಂದೆ" ಎಂದರಂತೆ.

ಅವರ ಮನೆಯಲ್ಲಿ ಇಂಥ ಮಾತು ಕೇಳುತ್ತ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಕಿಟಕಿಯಾಚೆ ಪಶ್ಚಿಮದ ಬೆಟ್ಟಗಳ ತಲೆಯ ಮೇಲಿಂದ ಮಂಜು ಹಾಲುಕ್ಕಿದಂತೆ ಇಳಿಯುತ್ತಿತ್ತು. ಅವರಿಗೆ ಮಂಜಾಗಲಿ ಬೆಟ್ಟವಾಗಲಿ ಕಾಣದು, ಬಿಳಿ ಬಂತು ಎಂದಷ್ಟೇ ತಿಳಿಯುವುದು. ನನ್ನ ಮುಖವೂ ಅವರಿಗೆ ಒಂದು ಬಿಳಿಯೇ. "ನಿಮ್ಮ ಓಲೆ ಮಾತ್ರ ಕಾಣುತ್ತೆ. ನನ್ನ ಗೆಳತಿ ಅಂದರೆ ಎರಡು ಓಲೆ" ಎನ್ನುತ್ತಿದ್ದರು.

ಆ ವರ್ಷದ ಕೊನೆಗೆ ಬಲಗಣ್ಣೂ ಕೈಕೊಡತೊಡಗಿತು. ಹಸಿರು ಟೋಪಿಯವರು ಬರುವುದು ನಿಂತು ಬೇರೆ ಏನೋ ಬರತೊಡಗಿತು. ಒಂದು ಶನಿವಾರ ಬೆಳಗ್ಗೆ ಹಣ್ಣು ಕೊಡಲು ಹೋದಾಗ ಅವರು ಟೀ ಕೂಡ ಮಾಡಿಕೊಂಡಿರಲಿಲ್ಲ.

"ಈಗ ಹೆಂಗಸರು ಬರ್ತಿದ್ದಾರೆ. ನೀಲಿ ಕೋಟು ಹಾಕಿಕೊಂಡು, ಸಾಲಾಗಿ ಕೂತು, ತಲೆ ಬಗ್ಗಿಸಿರುತ್ತಾರೆ. ಒಂದು ಕುರ್ಚಿ ಖಾಲಿ."

"ಅದೂ ಅದೇ ಯಾನಮ್ಮ. ಮೆದುಳು..."

"ಗೊತ್ತು, ಗೊತ್ತು. ಕಣ್ಣು ನೀಲಿ ಬಣ್ಣ ಮಾತ್ರ ಕೊಡುತ್ತಿದೆ. ಕುರ್ಚಿ ಯಾರದ್ದು ಅಂತ ಹೇಳುತ್ತಿರುವುದು ನಾನು."

ಆಮೇಲೆ ಹೇಳಿದರು. ಎಲ್ಲರೂ ನೀಲಿ ಕೋಟು ಹಾಕುತ್ತಿದ್ದ ಆ ಕಾರ್ಖಾನೆಯಲ್ಲಿ ಅವರ ಪಕ್ಕದ ಬೆಂಚಿನಲ್ಲಿ ದೊಲೋರೆಸ್ ಎಂಬ ಫಿಲಿಪೀನಿ ಹೆಂಗಸಿದ್ದಳು. ಊಟ ಹಂಚಿಕೊಂಡು ತಿನ್ನುವ ಸ್ನೇಹ. ಒಂದು ಮಧ್ಯಾಹ್ನ ಮಗುವಿನ ಶಾಲೆಯಿಂದ ಫೋನು ಬಂದು ದೊಲೋರೆಸ್ ಹೇಳದೆ ಕೇಳದೆ ಹೊರಗೆ ಓಡಿದಳು. ಗೆಳತಿ ಸಿಕ್ಕಿಬೀಳದಿರಲಿ ಎಂದು ಯಾನಮ್ಮ ಅವಳ ಬೆಂಚಿಗೆ ಹೋಗಿ ಅವಳ ಟ್ರೇಯ ಬೋರ್ಡುಗಳಿಗೆ ಬೆಸುಗೆ ಹಾಕಿದರು. ಆತುರದಲ್ಲಿ ಬೆಸುಗೆ ಹೆಚ್ಚಾಯಿತು. ವಾರ ಕಳೆದು ಆ ಟ್ರೇ ಪೂರ್ತಿ ಕೆಟ್ಟಿದೆಯೆಂದು ವಾಪಸು ಬಂತು. ಟ್ರೇಯ ಚೀಟಿಯಲ್ಲಿದ್ದದ್ದು ದೊಲೋರೆಸ್‌ಳ ನಂಬರು. ಸೂಪರ್‌ವೈಸರ್ ಎಲ್ಲರೆದುರು ಕೇಳಿದಾಗ ಅವಳು, ನಾನು ಹೀಗೆ ಹಾಕುವುದಿಲ್ಲ ಎಂದು ಹೇಳಿ, ಯಾನಮ್ಮನ ಕಡೆ ನೋಡಿದಳು.

"ನಾನು ಸೂಕ್ಷ್ಮದರ್ಶಕದೊಳಗೆ ನೋಡುತ್ತಿದ್ದೆ" ಎಂದರು ಯಾನಮ್ಮ. "ಸಂಜೆಯೊಳಗೆ ಅವಳನ್ನು ಕಳಿಸಿಬಿಟ್ಟರು. ನನ್ನ ಗಂಡನ ಕೆಲಸ ಆಗಷ್ಟೇ ಹೋಗಿತ್ತು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೂವತ್ತು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. 'ಅದು ನನ್ನದು' ಅನ್ನೋದಕ್ಕೆ ಎಷ್ಟು ಇಂಗ್ಲಿಷ್ ಬೇಕು ಗೀತಾ?"

ನಾನು ಎದ್ದು ಟೀಗೆ ನೀರಿಟ್ಟೆ.

"ನನ್ನ ಮೌನ ಮೆಚ್ಚಿ ಜನ ಕಾಗದ ಬರೀತಾರೆ. ಏನು ಬಿಡಬೇಕು ಅಂತ ನಿಮಗೆ ಗೊತ್ತು ಅಂತಾರೆ. ಆ ಮುದುಕರು ನನ್ನೆದುರು ಬಗ್ಗಿದರಲ್ಲ, ಆವತ್ತು ನನಗೆ ಓಡಿಹೋಗಬೇಕು ಅನಿಸಿತ್ತು. ಈ ಒಂದನ್ನು ನಾನು ಬಿಟ್ಟಿದ್ದಲ್ಲ, ಬಚ್ಚಿಟ್ಟಿದ್ದು. ಅಕ್ಷರ ಕಾಣುವಷ್ಟು ದಿನದೊಳಗೆ ಬರೆಯಬೇಕು. ಬರೆಯೋಕೆ ಮೊದಲು ಅವಳಿಗೆ ಹೇಳಬೇಕು. ಅವಳಿಗೆ ಚೀನೀ ಬರಲ್ಲ. ಇಂಗ್ಲಿಷಲ್ಲೇ ಹೇಳಬೇಕು."

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಸುರೇಶ ಲ್ಯಾಪ್‌ಟಾಪು ಮುಚ್ಚಿದ.

"ಮೂವತ್ತು ವರ್ಷ ಆದ್ಮೇಲೆ ಇದೆಲ್ಲ ಯಾಕೆ? ಆ ದೊಲೋರೆಸ್ ಲಾಯರ್ ಹತ್ರ ಹೋದ್ರೆ? ನೀನು ಇದ್ರಲ್ಲಿ ಇನ್‌ವಾಲ್ವ್ ಆಗ್ಬೇಡ."

ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಹೇಳ್ಬುಡ್ಲಿ ಬುಡೋ. ಎದೇಲಿ ಮಡಿಕ್ಕಂಡು ಕುಂತ್ರೆ ಒಳಗೊಳಗೇ ಕೊಳೀತದೆ. ಕ್ವಾಪ ಮಾಡ್ಕಂಡ್ರೆ ಮಾಡ್ಕಳ್ಲಿ, ಅನ್ಯಾಯ ಆಗಿರದು ಆವಮ್ಮಂಗೆ ತಾನೆ? ಗೀತಾ, ನೀ ಕರ್ಕಂಡೋಗವ್ವ."

ಹಳೆಯ ಸಹೋದ್ಯೋಗಿಯೊಬ್ಬರಿಂದ ನಂಬರು ಸಿಕ್ಕಿತು. ಯಾನಮ್ಮ ಫೋನಿನಲ್ಲಿ ತಮ್ಮ ಹೆಸರು ಹೇಳಿ, ಬರಬಹುದೇ ಎಂದಷ್ಟೇ ಕೇಳಿದರು. ಬನ್ನಿ ಎಂದು ಉತ್ತರ ಬಂತು.

ಯೂನಿಯನ್ ಸಿಟಿಗೆ ಹೋಗುವಾಗ ಫ್ರೀವೇ ಉದ್ದಕ್ಕೂ ಯಾನಮ್ಮ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಅಂದು ಅವರು ನನ್ನಿಂದ ಒಂದು ಪಾಠ ಹೇಳಿಸಿಕೊಂಡಿದ್ದರು: ಆಗಿಹೋದದ್ದಕ್ಕೆ ಯಾವ ರೂಪ ಬಳಸಬೇಕು ಎಂದು. "ಈ ವಾಕ್ಯಕ್ಕೆ ಕಾಲ ಸರಿಯಾಗಿರಬೇಕು" ಎಂದರು. ಎಡಕ್ಕೆ ಉಪ್ಪುನೀರಿನ ಹರವು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಕಾರುಗಳೆಲ್ಲ ನಿಂತೇ ಇವೆಯೇನೋ, ರಸ್ತೆ ಮಾತ್ರ ಹಿಂದಕ್ಕೆ ಹರಿಯುತ್ತಿದೆಯೇನೋ ಅನಿಸುತ್ತಿತ್ತು.

ದೊಲೋರೆಸ್ ಗಟ್ಟಿಮುಟ್ಟಾದ ಹೆಂಗಸು, ತಲೆ ಪೂರ್ತಿ ಬೆಳ್ಳಗಾಗಿತ್ತು. ಮನೆಯೆದುರಿನ ಕುಂಡಗಳಲ್ಲಿ ಪುಟ್ಟ ನಿಂಬೆಗಿಡಗಳಿದ್ದವು. ಯಾನಮ್ಮ ನನ್ನ ಕೈಹಿಡಿದು ತಡವುತ್ತ ಬರುವುದನ್ನು ನೋಡುತ್ತ ನಿಂತಿದ್ದು, ನಮ್ಮನ್ನು ಒಳಗೆ ಕರೆದು ಕೂರಿಸಿದರು. ಕುಡಿಯಲು ಏನು ಬೇಕೆಂದು ಕೇಳಲಿಲ್ಲ. ಯಾನಮ್ಮ ಕೈ ಜೋಡಿಸಿ ತೊಡೆಯ ಮೇಲಿಟ್ಟುಕೊಂಡು, ಶಾಲೆಯ ಹುಡುಗಿಯಂತೆ ಒಂದೊಂದೇ ವಾಕ್ಯ ಹೇಳಿದರು. ನಾನು ನಿನ್ನ ಬೆಂಚಿನಲ್ಲಿ ಕೂತೆ. ನಾನು ಬೆಸುಗೆ ಹಾಕಿದೆ. ಅದು ಕೆಟ್ಟಿತು. ನೀನು ನನ್ನನ್ನು ನೋಡಿದೆ. ನಾನು ಹೇಳಲಿಲ್ಲ.

ಫ್ರಿಜ್ಜಿನ ಸದ್ದು ಕೇಳುತ್ತಿತ್ತು.

"ನನಗೆ ಆವತ್ತೇ ಗೊತ್ತಿತ್ತು" ಎಂದರು ದೊಲೋರೆಸ್. "ಒಂದು ವರ್ಷ ನೀನು ಫೋನ್ ಮಾಡ್ತೀಯ ಅಂತ ಕಾದೆ. ಆಮೇಲೆ ಬಿಟ್ಟೆ."

"ಹೌದು."

"ಅಪಾರ್ಟ್‌ಮೆಂಟು ಹೋಯಿತು. ನನ್ನ ತಂಗಿಯ ಗ್ಯಾರೇಜಿನಲ್ಲಿದ್ದೆವು, ನಾಲ್ಕು ಜನ, ಹದಿನಾಲ್ಕು ತಿಂಗಳು. ಮಗನಿಗೆ ಅಲ್ಲೇ ಉಬ್ಬಸ ಶುರುವಾಗಿದ್ದು. ಅದು ಗೊತ್ತಿತ್ತಾ ನಿನಗೆ?"

"ಇಲ್ಲ."

"ಈಗ ಯಾಕೆ ಬಂದೆ? ಕಣ್ಣು ಹೋಗ್ತಿದೆ ಅಂತಾನಾ?"

"ಹೌದು" ಎಂದರು ಯಾನಮ್ಮ. "ಕಣ್ಣು ಸರಿಯಾಗಿದ್ದರೆ ಬರುತ್ತಿರಲಿಲ್ಲವೇನೋ."

ಈ ಉತ್ತರ ದೊಲೋರೆಸ್ ನಿರೀಕ್ಷಿಸಿರಲಿಲ್ಲ. ಮೊದಲ ಬಾರಿ ಯಾನಮ್ಮನ ಮುಖವನ್ನು ಸರಿಯಾಗಿ ನೋಡಿದರು. ಪತ್ರಿಕೆಗೆ ಬರೆಯುತ್ತೇನೆ, ನಿನ್ನ ಹೆಸರು ಬದಲಿಸಬೇಕೇ ಎಂದು ಯಾನಮ್ಮ ಕೇಳಿದರು.

"ಯಾಕೆ ಬದಲಿಸಬೇಕು? ನಾನೇನು ತಪ್ಪು ಮಾಡಿದ್ದೆ? ಬರೆಯೋದಾದರೆ ಗ್ಯಾರೇಜಿನ ವಿಷಯವನ್ನೂ ಬರಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಯಾನಮ್ಮ ಕೇಳಲೂ ಇಲ್ಲ. ಹೊರಡುವಾಗ ಬಾಗಿಲ ಬಳಿ ಯಾನಮ್ಮ ತಡವರಿಸಿದರು. ನಾನು ಕಾರಿನ ಬೀಗದ ಕೈ ಹುಡುಕುತ್ತಿದ್ದೆ. ದೊಲೋರೆಸ್ ಮುಂದೆ ಬಂದು ಅವರ ಮೊಣಕೈ ಹಿಡಿದು, "ಮೆಟ್ಟಿಲಿದೆ. ಎರಡು" ಎಂದರು. ಎರಡೂ ಇಳಿದ ಮೇಲೆ ಕೈಬಿಟ್ಟು ಒಳಗೆ ಹೋದರು.

ಆಮೇಲಿನ ಎರಡು ತಿಂಗಳು ಯಾನಮ್ಮ ಬರೆದರು. ಮಾತಾಡಿದರೆ ತಾನೇ ಬರೆದುಕೊಳ್ಳುವ ಫೋನು ಕೊಡಿಸುತ್ತೇನೆಂದರೆ ಒಪ್ಪಲಿಲ್ಲ. ನೆಲದ ಮೇಲೆ ದೊಡ್ಡ ಹಾಳೆಗಳನ್ನು ಹಾಸಿಕೊಂಡು, ಕಪ್ಪು ಮಾರ್ಕರಿನಿಂದ ಹಾಳೆಗೆ ಹತ್ತೋ ಹನ್ನೆರಡೋ ಅಕ್ಷರ ಬರೆಯುತ್ತಿದ್ದರು. ಕೆಲವು ಕಡೆ ಒಂದರ ಮೇಲೊಂದು ಅಕ್ಷರ ಹತ್ತಿಕೊಳ್ಳುತ್ತಿತ್ತು. ನಾನು ಶನಿವಾರ ಹೋಗಿ, ಅವರು ಹೇಳಿದಂತೆ ಮೂಲೆಯಲ್ಲಿ ನಂಬರು ಹಾಕಿ, ಫೋಟೋ ತೆಗೆದು ಸಂಪಾದಕರಿಗೆ ಕಳಿಸುತ್ತಿದ್ದೆ. ನೂರಕ್ಕೂ ಹೆಚ್ಚು ಹಾಳೆಯಾಯಿತು. ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಹಾಳೆಗಳ ನಡುವೆ ಬರಿಗಾಲಲ್ಲಿ, ಕೈ ಚಾಚಿಕೊಂಡು ಅವರು ನಡೆಯುತ್ತಿದ್ದರೆ ತೊರೆ ದಾಟುತ್ತಿರುವ ಹಾಗೆ ಕಾಣುತ್ತಿತ್ತು. ನೀಲಿ ಕೋಟಿನವರು ಈಗಲೂ ಬರುತ್ತಾರಾ ಎಂದು ಕೇಳಿದೆ. "ಬರ್ತಾರೆ. ನನ್ನ ಹಾಗೇ ಅವರಿಗೂ ಕೆಲಸವಿದೆ" ಎಂದರು.

ಅದು ಅವರ ಬದುಕಿನ ಅತಿ ಉದ್ದದ ಪ್ರಬಂಧ. ಸಂಪಾದಕರು ಫೋನು ಮಾಡಿ, ಗ್ಯಾರೇಜಿನ ಭಾಗ ತೆಗೆದರೆ ನಿಮ್ಮ ಎಂದಿನ ಶೈಲಿಗೆ ಬರುತ್ತದೆ ಎಂದರಂತೆ. ಯಾನಮ್ಮ, ತೆಗೆಯುವುದಾದರೆ ಪೂರ್ತಿ ವಾಪಸು ಕೊಡಿ ಎಂದರು. ಅಚ್ಚಾಯಿತು. ಕೆಲವು ಓದುಗರು ಮೆಚ್ಚಿದರು. ಒಬ್ಬರು ಮಾತ್ರ, ನಿಮ್ಮ ಬರಹ ಮೊದಲು ತಣ್ಣೀರಿನಂತಿತ್ತು, ಇದು ಕೋರ್ಟಿನ ಕಾಗದದಂತಿದೆ ಎಂದು ಬರೆದರು. ಯಾನಮ್ಮ ಅದನ್ನು ಎರಡು ಸಲ ಹೇಳಿ ನಕ್ಕರು. "ಎಷ್ಟು ಸರಿಯಾಗಿ ಓದಿದ್ದಾರೆ!" ಇಂಗ್ಲಿಷ್ ಅನುವಾದ ಮಾಡಿಸಿ ದೊಲೋರೆಸ್ ಅವರಿಗೂ ಕಳಿಸಿದ್ದೆವು. ಉತ್ತರ ಬರಲಿಲ್ಲ.

ಅತ್ತೆ ಮಂಡ್ಯಕ್ಕೆ ವಾಪಸು ಹೋದರು. ಪ್ರತಿ ಫೋನಿನಲ್ಲೂ "ಯಾನಮ್ಮ ಎಂಗವಳೆ?" ಎಂದು ಕೇಳುತ್ತಿದ್ದರು. ಹೋದ ಶರತ್ಕಾಲದಲ್ಲಿ ಅವರಿಗೆ ನಾನು ಹೇಳಬೇಕಾಯಿತು, ಯಾನಮ್ಮ ಇಲ್ಲ ಎಂದು. ಯಾನಮ್ಮನ ತಂಗಿಯ ಮಗಳು ತನ್ನೂರು ಅರ್ವೈನಿನಿಂದ ನನಗೆ ಫೋನು ಮಾಡಿದ್ದಳು. ಬೆಳಗಿನ ಟೀ ಮುಗಿಸಿ ಕುರ್ಚಿಯಲ್ಲೇ ಕೂತಿದ್ದವರು ಏಳಲಿಲ್ಲವಂತೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಎಂಟು ತಿಂಗಳ ಮುಂಚೆ, ಆ ತಂಗಿಯ ಮಗಳು ಅವರನ್ನು ತನ್ನೂರಿಗೆ ಕರೆದೊಯ್ದ ದಿನ. ಮ್ಯಾಗ್ನೋಲಿಯಾ ಮರಗಳು ಎಲೆಯಿಲ್ಲದೆ ಬರಿಯ ಹೂವಿನಲ್ಲಿ ನಿಂತಿದ್ದವು. ಮನೆ ಖಾಲಿಯಾಗಿತ್ತು. ಇದ್ದೊಂದು ಕುರ್ಚಿಯಲ್ಲಿ ಯಾನಮ್ಮ ಕೋಟು ಹಾಕಿಕೊಂಡು ಸಿದ್ಧವಾಗಿ ಕೂತಿದ್ದರು. ಕಣ್ಣಿಗೆ ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ನಾನು ಕಿಟಕಿಯ ಬಳಿ ನಿಂತಿದ್ದೆ.

"ಹೊರಗೆ ಏನೇನಿದೆ ಹೇಳಿ" ಎಂದರು. "ನಿಮ್ಮ ಭಾಷೆಯಲ್ಲಿ. ಇಷ್ಟು ವರ್ಷ ನನಗಾಗಿ ಇಂಗ್ಲಿಷ್ ಮಾತಾಡಿದ್ದೀರಿ."

ಹೇಳತೊಡಗಿದೆ. ಕೆಳಗೆ ಪಾರ್ಕಿಂಗ್ ಲಾಟು. ಒಬ್ಬ ಕಾರು ತೊಳೆಯುತ್ತಿದ್ದಾನೆ, ನೊರೆ ಇಳಿಜಾರಿನಲ್ಲಿ ಹರಿದು ಬರುತ್ತಿದೆ. ಒಬ್ಬಳು ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು, ಆ ನೊರೆಯನ್ನು ಬಳಸಿಕೊಂಡು ಹೋಗುತ್ತಿದ್ದಾಳೆ. ಮಗುವಿನ ಒಂದು ಕಾಲಲ್ಲಿ ಕಾಲುಚೀಲವಿಲ್ಲ. ಬೇಲಿಯ ಮೇಲೆ ನೀಲಿ ಹಕ್ಕಿ. ಯಾರಿಗೂ ಹೀಗೆ ಕಂಡದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತ ನಾನು ನಿಂತದ್ದಿಲ್ಲ. ಹೇಳುತ್ತ ಹೇಳುತ್ತ ಹಗುರವಾಗುತ್ತಿದ್ದೆ. ಯಾನಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೆಟ್ಟದ ಮೇಲೆ ಮಂಜಿಲ್ಲ, ಮರದ ಕೆಳಗೆಲ್ಲ ದಳ ಬಿದ್ದಿದೆ ಎಂದು ಹೇಳಿ ಮುಗಿಸಿದೆ.

ಒಂದು ಪದವೂ ಅರ್ಥವಾಗದ ಅವರು ಕಣ್ಣು ತೆರೆದು ಕೇಳಿದರು:

"ನಡುವೆ ಒಂದು ಕಡೆ ನಿಂತಿರಿ. ಆಮೇಲೆ ಬೇಗ ಬೇಗ ಹೇಳಿದಿರಿ. ಅಲ್ಲಿ ಏನಿತ್ತು?"

ಅಲ್ಲಿ, ಕಸದ ಡಬ್ಬಗಳ ಬಳಿ, ತಂಗಿಯ ಮಗಳು ಆ ದೊಡ್ಡ ಹಾಳೆಗಳನ್ನು ಹಿಡಿ ಹಿಡಿಯಾಗಿ ರೀಸೈಕಲ್ ಡಬ್ಬಕ್ಕೆ ಹಾಕುತ್ತಿದ್ದಳು. ಮಾರ್ಕರಿನ ಕಪ್ಪು ಅಕ್ಷರಗಳು ಮೇಲಿಂದಲೇ ಕಾಣುತ್ತಿದ್ದವು. ಇಂಗ್ಲಿಷಿನಲ್ಲಿ ಹೇಳಿದೆ.

"ಹಾಕು ಅಂತ ನಾನೇ ಹೇಳಿದ್ದು. ಅಚ್ಚಾದ ಮೇಲೆ ಯಾಕೆ? ನನಗೆ ನೋವಾಗುತ್ತೆ ಅಂತ ಬಿಟ್ಟಿರಾ?"

"ಹೌದು."

"ಮತ್ತೆ ಹೇಳಿ. ನಿಮ್ಮ ಭಾಷೆಯಲ್ಲೇ."

ನಾನು ಕಿಟಕಿಗೆ ತಿರುಗಿದೆ. ಹಾಳೆಗಳು ದಪ್ಪ, ಮಡಚಿದರೂ ಬಿಚ್ಚಿಕೊಳ್ಳುತ್ತಿವೆ ಎಂದೆ. ಡಬ್ಬದ ಮುಚ್ಚಳ ಕೂರುತ್ತಿಲ್ಲ, ಹುಡುಗಿ ಎರಡೂ ಕೈಯಿಂದ ಒತ್ತುತ್ತಿದ್ದಾಳೆ ಎಂದೆ. ಅಷ್ಟರಲ್ಲಿ ಗಾಳಿ ಬೀಸಿ ಒಂದು ಹಾಳೆ ಎದ್ದು, ನೊರೆಯ ಮೇಲೆ ಬಿದ್ದು, ಒದ್ದೆಯಾಗಿ ಅಲ್ಲೇ ನೆಲಕ್ಕೆ ಅಂಟಿಕೊಂಡಿತು. ಕಾರು ತೊಳೆಯುತ್ತಿದ್ದವನು ಬಗ್ಗಿ ಅದನ್ನು ನೋಡುತ್ತಿದ್ದ. ಅವನಿಗೆ ಚೀನೀ ಓದಲು ಬರುತ್ತದೋ ಇಲ್ಲವೋ ಇಲ್ಲಿಂದ ತಿಳಿಯುವುದಿಲ್ಲ ಎಂದೆ.